ಫೂಲ್ಮನಿಯ ಪಕ್ಕ ಕೂತ ಆನೆ ಮಿಸ್

ಕೊರೊನಾ ಮುಗಿದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ ಎರಡನೇ ವರ್ಷ. ನಾನಾಗ ಸಕಲೇಶಪುರ ಮತ್ತು ಆಲೂರಿನ ನಡುವಿನ ಗುಡ್ಡದ ಮೇಲಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮುಖ್ಯ ಶಿಕ್ಷಕಿ ಎಂದರೆ ದೊಡ್ಡ ಹುದ್ದೆಯೇನಲ್ಲ. ಶಾಲೆಯಲ್ಲಿದ್ದದ್ದೇ ಇಬ್ಬರು ಶಿಕ್ಷಕರು, ಐದನೇ ತರಗತಿವರೆಗೆ ಇಪ್ಪತ್ತಮೂರು ಮಕ್ಕಳು. ಮೊದಲ ಮೂರು ತರಗತಿಗಳವರು ನಲಿ-ಕಲಿ ಪದ್ಧತಿಯಲ್ಲಿ ಒಂದೇ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಕಲಿಯುತ್ತಿದ್ದರು. ಆ ಕೋಣೆ ನನ್ನ ಪಾಲಿನದು.

ಇಪ್ಪತ್ತಮೂರರಲ್ಲಿ ಒಂಬತ್ತು ಮಕ್ಕಳು ಹತ್ತಿರದ ಕಾಫಿ ಎಸ್ಟೇಟಿನ ಲೈನ್ ಮನೆಗಳವರು, ಅಂದರೆ ಕೂಲಿಕಾರರಿಗೆಂದು ಸಾಲಾಗಿ ಕಟ್ಟಿಸಿದ ಮನೆಗಳವರು. ತಂದೆ ತಾಯಿ ಜಾರ್ಖಂಡಿನಿಂದ ಕೆಲಸಕ್ಕೆ ಬಂದವರು. ಈ ಮಕ್ಕಳು ಬರುತ್ತಿದ್ದರು, ಗೋಡೆಯ ಪಕ್ಕ ಕೂರುತ್ತಿದ್ದರು, ಬಿಸಿಯೂಟ ಮಾಡುತ್ತಿದ್ದರು, ಹೋಗುತ್ತಿದ್ದರು. ಅವರಲ್ಲಿ ಏಳು ವರ್ಷದ ಫೂಲ್ಮನಿ ಜೂನ್ ತಿಂಗಳಲ್ಲಿ ಸೇರಿದವಳು. ನವೆಂಬರ್ ಬಂದರೂ ಅವಳ ಬಾಯಿಂದ ಒಂದು ಮಾತು ಕೇಳಿದವರಿಲ್ಲ. ಹೆಸರು ಕರೆದರೆ ಕೈ ಎತ್ತುವಳು, ಅಷ್ಟೇ. ಅವಳ ಪ್ರಗತಿ ಪುಸ್ತಕದಲ್ಲಿ ನಾನು ‘ಸ್ಪಂದನೆ ಇಲ್ಲ’ ಎಂದು ಬರೆದಿದ್ದೆ. ಬುದ್ಧಿಮಾಂದ್ಯವಿರಬಹುದು, ತಪಾಸಣೆಗೆ ಕಳಿಸೋಣ ಎಂದೂ ಯೋಚಿಸಿದ್ದೆ.

ಆಗ ಬಂದವರು ಆನೆಕೆ. ನೆದರ್ಲೆಂಡ್ಸ್ ದೇಶದವರು, ವಯಸ್ಸು ಅರವತ್ತೊಂದು. ಮೂವತ್ತು ವರ್ಷ ಒಂದು ಪಟ್ಟಣದಲ್ಲಿ ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಒಂದು ಸ್ವಯಂಸೇವಾ ಸಂಸ್ಥೆಯ ಮೂಲಕ ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಅವರ ಕಾಗದಪತ್ರ ನೋಡಿ ಅನುಮತಿ ಕೊಟ್ಟಿದ್ದರು. ನನಗೆ ನಿಜ ಹೇಳಬೇಕೆಂದರೆ ಇದೊಂದು ಹೊಸ ತಲೆನೋವು ಅನಿಸಿತ್ತು. ನನ್ನ ಇಂಗ್ಲಿಷ್ ಪುಸ್ತಕದ ಇಂಗ್ಲಿಷ್. ಆಡುವುದಕ್ಕೆ ನಾಲಿಗೆ ಹೊರಳುತ್ತಿರಲಿಲ್ಲ.

ಅವರ ಹೆಸರು ಕೇಳಿದ ಮಕ್ಕಳು ಬಿದ್ದು ಬಿದ್ದು ನಕ್ಕರು. ನಮ್ಮ ಕಡೆ ಕಾಡಾನೆಯ ಮಾತಿಲ್ಲದೆ ದಿನ ಕಳೆಯುವುದಿಲ್ಲ. ಅರ್ಧ ಗಂಟೆಯೊಳಗೆ ಆನೆಕೆ ‘ಆನೆ ಮಿಸ್’ ಆದರು. ಅರ್ಥ ವಿವರಿಸಿದಾಗ ಅವರೂ ನಕ್ಕು, ಹಾಗೇ ಕರೆಯಲಿ ಬಿಡಿ ಎಂದರು. ಲೈನಿನ ಮಕ್ಕಳು ಮಿಸ್ ಅನ್ನುವುದನ್ನೂ ಬಿಟ್ಟು ಬರೀ ಆನೆ ಎಂದು ತಮ್ಮತಮ್ಮಲ್ಲಿ ಪಿಸುಗುಡುತ್ತಿದ್ದರು.

ಮೊದಲ ದಿನ ಅವರು ಕೋಣೆಯ ಹಿಂದೆ ನಿಂತು ಎಲ್ಲವನ್ನೂ ನೋಡಿದರು. ಊಟದ ಹೊತ್ತಿಗೆ ನನ್ನ ಬಳಿ ಬಂದು ಕೇಳಿದರು.

“ಗೋಡೆಯ ಪಕ್ಕದ ಮಕ್ಕಳಿಗೆ ಕನ್ನಡ ಬರುವುದಿಲ್ಲವೇ?”

“ಬರುವುದಿಲ್ಲ.”

“ನನಗೂ ಬರುವುದಿಲ್ಲ. ನಾನು ಅವರ ಜೊತೆ ಕೂರುತ್ತೇನೆ.”

ತಮಾಷೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ಆ ದೊಡ್ಡ ಹೆಂಗಸು ನೋಯುವ ಮಂಡಿಯನ್ನು ಒಂದು ಕಡೆ ಚಾಚಿಕೊಂಡು, ಸ್ಲೇಟು ಹಿಡಿದು, ಫೂಲ್ಮನಿಯ ಪಕ್ಕದಲ್ಲಿ ಕೂತುಬಿಟ್ಟಿದ್ದರು. ನಾನು ‘ರ’ ಬರೆಸಿದರೆ ಎಲ್ಲರಿಗೂ ಕೇಳುವಂತೆ ‘ರ’ ಅನ್ನುವರು. ‘ಳ’ ಅವರ ಬಾಯಲ್ಲಿ ಹೊರಡುತ್ತಲೇ ಇರಲಿಲ್ಲ. ತಪ್ಪಾದರೆ ನಾಚಿಕೆಯಿಲ್ಲ, ಒರೆಸಿ ಮತ್ತೆ ಬರೆಯುವರು. ನಾಲ್ಕನೇ ದಿನವೋ ಐದನೇ ದಿನವೋ, ಅವರು ‘ಅ’ವನ್ನು ತಿರುಗುಮುರುಗು ಬರೆದಾಗ ಫೂಲ್ಮನಿ ಅವರ ಕೈಯನ್ನು ಹಿಡಿದು ಸ್ಲೇಟಿನ ಮೇಲೆ ಸರಿಯಾಗಿ ತಿದ್ದಿಸಿದಳು. ನಾನು ನೋಡುತ್ತಾ ನಿಂತೆ. ಈ ಹುಡುಗಿಗೆ ಅಕ್ಷರ ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಇದೆಲ್ಲ ಊರಿನವರಿಗೆ ಸರಿಬರಲಿಲ್ಲ. ನಮ್ಮ ಎಸ್‌ಡಿಎಂಸಿ ಅಧ್ಯಕ್ಷರು, ಅಂದರೆ ಶಾಲೆಯ ಉಸ್ತುವಾರಿಗೆ ಪೋಷಕರು ಆರಿಸಿದ ಸಮಿತಿಯ ಮುಖ್ಯಸ್ಥರು, ಧರ್ಮಪ್ಪನವರು. ಶಾಲೆಯ ಕೆಳಗೇ ಅವರ ಸಣ್ಣ ಕಾಫಿ ತೋಟ. ಒಂದು ದಿನ ಬಂದು ಬಾಗಿಲಲ್ಲೇ ನಿಂತರು.

“ಏನ್ ಮಿಸ್ ಇದು? ನಮ್ಮ ಮಕ್ಳಿಗೆ ಇಂಗ್ಲಿಷ್ ಕಲಿಸ್ತಾರೆ ಅಂದ್ಕೊಂಡ್ರೆ ಅವ್ರೇ ಒಂದನೇ ಕ್ಲಾಸಲ್ಲಿ ಕೂತ್ಬುಟ್ಟವ್ರೆ.”

“ಇನ್ನೊಂದು ತಿಂಗಳು ನೋಡೋಣ ಧರ್ಮಪ್ಪ” ಎಂದೆ. ಆದರೆ ಹೇಳುವಾಗ ನನಗೂ ಧೈರ್ಯವಿರಲಿಲ್ಲ. ಆನೆಕೆಗೆ ವಿಷಯ ತಿಳಿಸಿದೆ. ಅವರು ದೊಡ್ಡ ಮಕ್ಕಳಿಗೆ ದಿನಾ ಕೊನೆಯ ಅವಧಿಯಲ್ಲಿ ಇಂಗ್ಲಿಷ್ ಹೇಳಿಕೊಡಲು ಒಪ್ಪಿದರು. ಚಾಪೆಯನ್ನು ಮಾತ್ರ ಬಿಡಲಿಲ್ಲ.

ಶಾಲೆ ಬಿಟ್ಟ ಮೇಲೆ ಲೈನಿನ ಮಕ್ಕಳನ್ನು ಮನೆಗೆ ಮುಟ್ಟಿಸುವುದನ್ನೂ ಅವರೇ ವಹಿಸಿಕೊಂಡರು. ಒಂದೂವರೆ ಕಿಲೋಮೀಟರ್ ತೋಟದೊಳಗಿನ ದಾರಿ. ಡಿಸೆಂಬರ್ ಕೊನೆಯ ಒಂದು ದಿನ ನಾನೂ ಜೊತೆಗೆ ಹೊರಟೆ. ಒಂದು ಮಗುವಿಗೆ ಜ್ವರವಿತ್ತು, ತಾಯಿಯನ್ನು ಕಾಣಬೇಕಿತ್ತು. ಆನೆಗಳ ಗುಂಪು ಎಲ್ಲಿದೆ ಎಂದು ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಬೆಳಿಗ್ಗೆಯ ಸಂದೇಶದಲ್ಲಿ ಗುಂಪು ದೂರದ ತೋಟದಲ್ಲಿದೆ ಎಂದಿತ್ತು. ಹೊರಡುವ ಮುಂಚೆ ಮತ್ತೊಮ್ಮೆ ನೋಡಬೇಕಾಗಿತ್ತು. ನೋಡಲಿಲ್ಲ. ಅದು ನನ್ನ ತಪ್ಪು.

ಆನೆಕೆ ಮುಂದೆ, ನಡುವೆ ಮಕ್ಕಳು, ಜ್ವರದ ಮಗುವನ್ನು ಎತ್ತಿಕೊಂಡು ನಾನು ಹಿಂದೆ. ದಾರಿ ತಿರುಗುವ ಕಡೆ ಫೂಲ್ಮನಿ ಥಟ್ಟನೆ ನಿಂತಳು. ಕತ್ತು ಓರೆ ಮಾಡಿ ಏನನ್ನೋ ಆಲಿಸಿದಳು. ಆಮೇಲೆ ಓಡಿಹೋಗಿ ಆನೆಕೆಯ ಅಂಗಿ ಹಿಡಿದು ಎಳೆದಳು.

“ಆನೆ.”

ತಮ್ಮನ್ನೇ ಕರೆದಳೆಂದು ಆನೆಕೆ ಹಿಗ್ಗಿಹೋದರು. ಆ ಮಗು ಅವರನ್ನು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. “ಏನು?” ಎಂದು ಕನ್ನಡದಲ್ಲೇ ಕೇಳಿ, ನಗುತ್ತಾ ಇನ್ನೊಂದು ಹೆಜ್ಜೆ ಇಟ್ಟರು. ಫೂಲ್ಮನಿ ಅವರ ಎದುರು ಹೋಗಿ ಎರಡೂ ಕೈ ಅಗಲಿಸಿ ನಿಂತಳು.

“ನೀನಲ್ಲ. ದೊಡ್ಡದು. ಹೋಗಬೇಡ.”

ಅಷ್ಟರಲ್ಲಿ ನನಗೂ ಕೇಳಿಸಿತು. ತಿರುವಿನಾಚೆ ಕಾಫಿ ಗಿಡದ ರೆಂಬೆ ಮುರಿಯುವ ಸದ್ದು. ಜ್ವರದ ಮಗುವನ್ನು ಎದೆಗವಚಿಕೊಂಡು ಅಲ್ಲೇ ನಿಂತುಬಿಟ್ಟೆ. ಆನೆಕೆಗೆ ಎಷ್ಟು ಅರ್ಥವಾಯಿತೋ, ಮಗುವಿನ ಮುಖ ನೋಡಿದವರೇ ಮರುಪ್ರಶ್ನೆ ಹಾಕಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಮಕ್ಕಳನ್ನೆಲ್ಲ ಹಿಂದಕ್ಕೆ ತಿರುಗಿಸಿದರು. ನನ್ನ ಭುಜ ಮುಟ್ಟಿ ಮುಂದೆ ನಡೆಸಿದರು. ಎಲ್ಲರಿಗಿಂತ ಹಿಂದೆ ತಾವು ಉಳಿದರು. ಓಡಲು ಯಾರನ್ನೂ ಬಿಡಲಿಲ್ಲ. ಹಾಗೆ ನಡೆದು ಧರ್ಮಪ್ಪನವರ ಕಾಫಿ ದಾಸ್ತಾನಿನ ಸ್ಟೋರ್ ಸೇರಿದೆವು. ಕಾಫಿ ಮೂಟೆಗಳ ನಡುವೆ ಮಕ್ಕಳನ್ನು ಕೂರಿಸಿ ಬಾಗಿಲು ಹಾಕಿದೆವು. ಆನೆಕೆಯ ಕೈಯನ್ನು ಫೂಲ್ಮನಿ ಆಗಲೂ ಹಿಡಿದುಕೊಂಡೇ ಇದ್ದಳು.

ಅರಣ್ಯ ಇಲಾಖೆಯವರು ಬಂದು ನೋಡಿದರು. ಮರಿಯೊಂದರ ಜೊತೆ ಐದು ಆನೆ, ಆ ತಿರುವಿನಿಂದ ಇಪ್ಪತ್ತು ಹೆಜ್ಜೆಯಲ್ಲಿ ಇದ್ದವಂತೆ. ಅವು ದಾಟಿಹೋದ ಮೇಲೆ ಧರ್ಮಪ್ಪನವರೇ ತಮ್ಮ ಜೀಪಿನಲ್ಲಿ ಮಕ್ಕಳನ್ನು ಲೈನಿಗೆ ಬಿಟ್ಟುಬಂದರು. ವಾಪಸು ಬಂದವರು ನನ್ನ ಹತ್ತಿರ ಮೆಲ್ಲಗೆ ಹೇಳಿದರು.

“ಆ ಮಗೀಗೆ ಮಾತೇ ಬರಲ್ಲ ಅಂದಿದ್ರಲ್ಲ ಮಿಸ್.”

ನಾನು ಶಾಲೆಗೆ ಹೋಗಿ ಫೂಲ್ಮನಿಯ ಪ್ರಗತಿ ಪುಸ್ತಕ ತೆಗೆದುಕೊಂಡೆ.

ಮರುದಿನ ಪ್ರಗತಿ ಪುಸ್ತಕವನ್ನು ನಾನಾಗಿಯೇ ಆನೆಕೆಗೆ ತೋರಿಸಿದೆ. ಬರೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬೇಸರಪಡಲಿಲ್ಲ, ಬುದ್ಧಿ ಹೇಳಲೂ ಇಲ್ಲ. “ನನ್ನ ಬಸ್ಸಿನಲ್ಲೂ ಎಷ್ಟೋ ಜನ ವರ್ಷಗಟ್ಟಲೆ ಒಂದು ಮಾತೂ ಆಡದೆ ಬರುತ್ತಿದ್ದರು. ಎಲ್ಲಿ ಇಳಿಯಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು” ಎಂದರು. ನಾನು ಆ ಸಾಲು ಹೊಡೆದುಹಾಕಿದೆ. ಏನು ಬರೆಯಬೇಕೆಂದು ತೋಚದೆ ಅವತ್ತು ಜಾಗ ಖಾಲಿ ಬಿಟ್ಟೆ.

ಜನವರಿ ಕೊನೆಗೆ ಆನೆಕೆ ಹೊರಟರು. ಶಾಲು ಹೊದಿಸಬೇಕೆಂದು ಧರ್ಮಪ್ಪನವರು ಹಟ ಹಿಡಿದರು. ಆನೆಕೆ ಶಾಲು ಹೊದ್ದುಕೊಂಡೇ ಚಾಪೆಯ ಮೇಲೆ ಕೂತು ಕೊನೆಯ ಪಾಠ ಮುಗಿಸಿದರು. ‘ಳ’ ಕೊನೆಗೂ ಬರಲಿಲ್ಲ.

ಮಾರ್ಚಿನಲ್ಲಿ ಕಾಫಿ ಕೊಯ್ಲು ಮುಗಿದು ಲೈನಿನ ಮನೆಗಳು ಖಾಲಿಯಾಗತೊಡಗಿದವು. ಆ ಕುಟುಂಬಗಳು ಹೇಳದೆ ಕೇಳದೆ ಹೋಗಿಬಿಡುವುದು ರೂಢಿ. ಹಾಜರಿಯಲ್ಲಿ ಹೆಸರು ಕೆಲವು ದಿನ ಉಳಿದು ಆಮೇಲೆ ಬಿದ್ದುಹೋಗುತ್ತದೆ. ಮಗು ಮತ್ತೆಲ್ಲಾದರೂ ಶಾಲೆಗೆ ಸೇರಿತೋ ಇಲ್ಲವೋ ನಮಗೆ ತಿಳಿಯುವುದಿಲ್ಲ. ಆ ವರ್ಷ ಒಂದು ಬೆಳಿಗ್ಗೆ ಫೂಲ್ಮನಿಯ ತಾಯಿ ಆಫೀಸಿನ ಬಾಗಿಲಿಗೆ ಬಂದಳು. ಹೆಗಲಲ್ಲಿ ಗಂಟು, ಹಿಂದೆ ರಸ್ತೆಯಲ್ಲಿ ಕಾಯುತ್ತಿದ್ದ ಗಾಡಿ. ತನ್ನ ಭಾಷೆಯಲ್ಲಿ ಏನೋ ಹೇಳಿದಳು. ನಾನು ಮಗಳ ಮುಖ ನೋಡಿದೆ.

“ಅಮ್ಮ ಟೀಸಿ ಕೇಳ್ತಾವ್ಳೆ ಮಿಸ್” ಎಂದಳು ಫೂಲ್ಮನಿ, ಅಚ್ಚ ನಮ್ಮೂರ ಮಕ್ಕಳ ಹಾಗೆ. “ನಾವು ಕೊಪ್ಪದ ಕಡೆ ಹೋಯ್ತೀವಿ. ಅಲ್ಲೂ ಸ್ಕೂಲೈತಂತೆ.”

ಇನ್ನೊಂದು ಶಾಲೆಗೆ ಸೇರಲು ಬೇಕಾದ ವರ್ಗಾವಣೆ ಪತ್ರವೇ ಟಿಸಿ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಲೈನಿನ ತಾಯಿಯೊಬ್ಬಳು ಅದನ್ನು ಕೇಳಿ ಬಂದದ್ದು ಅದೇ ಮೊದಲು. ಬರೆದು ಮೊಹರು ಹಾಕಿ, ತಾಯಿಯ ಕೈಗೆ ಕೊಡದೆ ಮಗಳ ಕೈಗೇ ಕೊಟ್ಟೆ. ಅವಳು ನಿಂತಲ್ಲೇ ತನ್ನ ಹೆಸರನ್ನು ಅಕ್ಷರ ಕೂಡಿಸಿ ಓದಿ, ಸರಿಯಾಗಿದೆ ಎಂಬಂತೆ ತಲೆಯಾಡಿಸಿ ಮಡಚಿಕೊಂಡಳು.

ಕಲಿಸುವುದನ್ನು ನಾನು ತರಬೇತಿಯಲ್ಲಿ ಕಲಿತವಳು. ಗೊತ್ತಿಲ್ಲದವಳಾಗಿ ಮಗುವಿನ ಪಕ್ಕ ಕೂರುವುದನ್ನು ಒಬ್ಬ ಬಸ್ ಡ್ರೈವರ್ ಕಲಿಸಿಕೊಟ್ಟರು. ಮುಂದಿನ ಜೂನ್‌ನಲ್ಲಿ ಲೈನಿನಿಂದ ಹೊಸದಾಗಿ ನಾಲ್ಕು ಮಕ್ಕಳು ಬಂದಾಗ ನಾನು ಕುರ್ಚಿಯನ್ನು ಹೊರಗಿಟ್ಟು ಚಾಪೆಗೆ ಇಳಿದೆ. ನೀರು, ಅನ್ನ, ಮನೆ ಇವಕ್ಕೆ ನಿಮ್ಮಲ್ಲಿ ಏನಂತೀರಿ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವರು ಹೇಳಿದ್ದನ್ನು ನಾನೂ ಹೇಳಿನೋಡಿದೆ. ನನ್ನ ಉಚ್ಚಾರ ಕೇಳಿ ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಅವರಲ್ಲಿ ದೊಡ್ಡವಳು ಹತ್ತಿರ ಸರಿದು ಬಂದು, ನಾನು ತಪ್ಪು ಹೇಳಿದ್ದನ್ನು ನಿಧಾನವಾಗಿ, ಇನ್ನೊಮ್ಮೆ ಹೇಳಿಕೊಟ್ಟಳು.