ಹಾಡಿನ ಮೇಷ್ಟ್ರ ಕಿವಿ

ಹೊಲಗಳ ನಡುವೆ, ಬಸ್ಸು ತಿರುಗಿಕೊಂಡು ವಾಪಸಾಗುವ ಜಾಗದಲ್ಲಿ ಆ ಶಾಲೆ ಇತ್ತು. ಸುತ್ತಲಿನ ಹಳ್ಳಿಯವರಿಗೆ ಅದು ಫಾದರ್ ಶಾಲೆ. ಉದ್ದನೆಯ ಒಂದು ಕಟ್ಟಡ, ಅದರ ಕೊನೆಗೆ ಅಂಟಿಕೊಂಡ ಪ್ರಾರ್ಥನಾ ಮಂದಿರ, ಹಿಂದೆ ಮೇಷ್ಟ್ರುಗಳಿಗೆಂದು ಕಟ್ಟಿಸಿದ ನಾಲ್ಕೈದು ಮನೆ. ಕಣ್ಣಿಗೆ ಹೇಳಿಕೊಳ್ಳುವಂಥದ್ದೇನಿರಲಿಲ್ಲ. ಆದರೆ ಕಿವಿಗಿತ್ತು. ಬೇರೆ ಶಾಲೆಯ ಮಕ್ಕಳು ಅರಚ್ತಾರೆ, ಫಾದರ್ ಶಾಲೆಯ ಮಕ್ಕಳು ಹಾಡ್ತಾರೆ ಎಂದು ಜನ ಅನ್ನುತ್ತಿದ್ದರು. ಹಾಗೆ ಅನ್ನಿಸಿದ ಪುಣ್ಯಾತ್ಮ ಹಾಡಿನ ಮೇಷ್ಟ್ರು.

ಅವರು ಅದೇ ಸೀಮೆಯ ಬಡಗಿಯೊಬ್ಬನ ಮಗ. ಹುಡುಗನಾಗಿದ್ದಾಗ ಯಾರದೋ ಹೊಲದಲ್ಲಿ ಹಕ್ಕಿ ಓಡಿಸುವ ಕೆಲಸಕ್ಕೆ ಹೋಗಿ, ಹಕ್ಕಿ ಓಡಿಸುವುದು ಬಿಟ್ಟು ಹಾಡಿಕೊಂಡು ಕೂತಿದ್ದರಂತೆ. ಸೈಕಲ್ಲಿನ ಮೇಲೆ ಹೋಗುತ್ತಿದ್ದ ಆಗಿನ ದೊಡ್ಡ ಫಾದರ್ ಕೇಳಿಸಿಕೊಂಡು ಇಳಿದು, "ಇನ್ನೊಂದ್ಸಲ ಹಾಡೋ" ಅಂದರು. ಫೀಸಿಲ್ಲದೆ ಶಾಲೆಗೆ ಸೇರಿಸಿಕೊಂಡರು. ಮೀಸೆ ಚಿಗುರುವ ತನಕ ಆ ಹುಡುಗನ ದನಿ ಕೇಳುವುದಕ್ಕೇ ದೂರದ ಹಳ್ಳಿಯವರೂ ಪ್ರಾರ್ಥನೆಗೆ ಬರುತ್ತಿದ್ದರು. ಆಮೇಲೆ ಕಂಠ ಒಡೆಯಿತು. ಎಲ್ಲ ಹುಡುಗರಿಗೂ ಒಡೆಯುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಇವರದ್ದು ಕೂಡಿಕೊಳ್ಳಲೇ ಇಲ್ಲ, ಬಿರುಕು ಬಿಟ್ಟ ಮಡಕೆಯಾಗಿಯೇ ಉಳಿಯಿತು. ಹಿಂದಿನ ಬೆಂಚಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದವನ ಪಕ್ಕ ದೊಡ್ಡ ಫಾದರ್ ಬಂದು ಕೂತು, "ಕಂಠ ಅಂದ್ರೆ ಒಂದೇ ಕಣೋ. ಕಿವಿ ಇದ್ರೆ ಇಷ್ಟೂ ಮಕ್ಕಳ ಕಂಠ ನಿಂದೇ" ಅಂದರು.

ಆ ಮಾತನ್ನೇ ಹಿಡಿದುಕೊಂಡು ಅವರು ಬದುಕಿದರು. ಎಂಥ ಕಿವಿ ಅದು! ಮೂರನೆಯ ಸಾಲಿನಲ್ಲಿ ಒಬ್ಬ ಸ್ವರ ನುಂಗಿದರೆ, ಬೆನ್ನು ತಿರುಗಿಸಿ ನಿಂತಿದ್ದವರು ತಿರುಗದೆಯೇ ಬೆರಳು ತೋರಿಸುತ್ತಿದ್ದರು. ಬೆರಳು ತಪ್ಪಿದ್ದನ್ನು ಯಾರೂ ಕಂಡಿಲ್ಲ. ಹೊಡೆದವರಲ್ಲ, ಬೈದವರೂ ಅಲ್ಲ. "ನಾನು ಕೈ ಎತ್ತಿದ್ರೆ ನಿಮ್ಮ ಬಾಯಲ್ಲಿ ಹಾಡಿರ್ಬೇಕು. ಅಷ್ಟೇ ಕಣ್ರೋ ವಿದ್ಯೆ" ಅನ್ನುತ್ತಿದ್ದರು.

ಕೂದಲು ನರೆಯುವ ಹೊತ್ತಿಗೆ ಆ ಕಿವಿ ಕೈಕೊಡತೊಡಗಿತು. ಮೊದಲು ಹೋದದ್ದು ಸಣ್ಣ ಸದ್ದುಗಳು. ಗಡಿಯಾರದ ಟಿಕ್ ಟಿಕ್, ಒಲೆಯ ಮೇಲೆ ನೀರು ಕುದಿಯುವುದು, ಚಪ್ಪಲಿ ಎಳೆಯುವುದು. ಹೆಂಡತಿ ಮೊದಲಿಗೆ ಇದನ್ನು ಜಾಣಗಿವುಡು ಅಂದುಕೊಂಡಳು. ಅಂಗಡಿಗೆ ಹೋಗಿ ಅಂದರೆ ಕೇಳದು, ಊಟಕ್ಕೆ ಬನ್ನಿ ಅಂದರೆ ಕೇಳುತ್ತದೆ ಎಂದು ಹಂಗಿಸುತ್ತಿದ್ದಳು. ಒಂದು ದಿನ ಅಡುಗೆಮನೆಯಿಂದ, "ಉಪ್ಪು ಬಂತಾ?" ಎಂದು ಕೂಗಿದಳು.

"ಮುಪ್ಪಾ? ನನಗೆಲ್ಲೇ ಬಂತು ಮುಪ್ಪು?" ಎಂದು ಮೇಷ್ಟ್ರು ಸಿಟ್ಟಾದರು.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತ ಹೊರಗೆ ಬಂದು ಗಂಡನ ಮುಖ ನೋಡಿದವಳಿಗೆ ನಗು ನಿಂತುಹೋಯಿತು. ಆತ ತಮಾಷೆಗೆ ಹೇಳಿರಲಿಲ್ಲ.

ಪೇಟೆಯ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ನರ ಸಾಯುತ್ತಿದೆ, ಇದಕ್ಕೆ ಮದ್ದಿಲ್ಲ ಅಂದರು. ಒಂದು ಮಿಷನ್ನು ಕೊಟ್ಟರು. ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಮಕ್ಕಳ ಮುಂದೆ ನಿಂತ ದಿನ ಮೇಷ್ಟ್ರಿಗೆ ಕೇಳಿಸಿದ್ದು ಹಾಡಲ್ಲ, ತಗಡಿನ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಸದ್ದು. ಮನೆಗೆ ಬಂದು ಅದನ್ನು ಬೀರುವಿನೊಳಗೆ ಹಾಕಿಬಿಟ್ಟರು.

"ಫಾದರಿಗೆ ಹೇಳ್ಬಿಡಿ. ಬೇರೆ ಕೆಲಸ ಕೊಡ್ತಾರೆ" ಅಂದಳು ಹೆಂಡತಿ.

"ಬೇರೆ ಏನು ಬರತ್ತೆ ನಂಗೆ? ಹೇಳು ನೋಡೋಣ."



ಹಾಗಾಗಿ ಇಬ್ಬರೂ ಸೇರಿ ಮುಚ್ಚಿಟ್ಟರು. ಹೊಸ ಹಾಡು ಕಲಿಸುವುದನ್ನು ಮೇಷ್ಟ್ರು ನಿಲ್ಲಿಸಿದರು. ಹಳೆಯದರಲ್ಲಾದರೆ ಯಾವ ಮಾತಿಗೆ ಯಾವ ಬಾಯಿ ಎಷ್ಟು ತೆರೆಯುತ್ತದೆಂಬುದು ಅವರಿಗೆ ಅಂಗೈಗೆರೆಯಷ್ಟು ಪರಿಚಿತ. ಅಭ್ಯಾಸದ ಹೊತ್ತಿಗೆ ಹೆಂಡತಿ ಹೊಲಿಗೆಯ ಬುಟ್ಟಿ ಹಿಡಿದು ಹಿಂದಿನ ಬೆಂಚಿಗೆ ಬಂದು ಕೂರುವಳು. ಶ್ರುತಿ ಇಳಿದರೆ ಸೂಜಿ ಕೆಳಗಿಡುವಳು, ಏರಿದರೆ ದಾರ ಎತ್ತಿ ಹಿಡಿಯುವಳು. ಅವಳೇನು ಸಂಗೀತ ಕಲಿತವಳಲ್ಲ, ಆದರೆ ಇಷ್ಟು ವರ್ಷ ಆ ಮನೆಯಲ್ಲಿ ಬಾಳಿದ್ದಳು. ಇನ್ನು ಜನರ ಮಾತಿಗೆ ಮೇಷ್ಟ್ರು ನಾಲ್ಕು ಉತ್ತರ ಇಟ್ಟುಕೊಂಡಿದ್ದರು: ಹೌದಾ, ಒಳ್ಳೇದು, ನೋಡೋಣ, ಸಂತೋಷ. ಎದುರಿಗಿದ್ದವರ ಮುಖ ನೋಡಿ ಯಾವುದೋ ಒಂದನ್ನು ಕೊಡುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಒಂದೆರಡು ವರ್ಷ ನಡೆಯಿತು.

ಹಿಟ್ಟಿನ ಗಿರಣಿಯಲ್ಲಿ ಅದು ಎಡವಿತು. ಗಿರಣಿಯವನ ಮಗಳು ಶಾಲೆಯ ಮೇಳದಲ್ಲಿ ಮುಂದಿನ ಸಾಲಿನವಳು. ಎಲ್ಲರಿಗಿಂತ ಮೇಲಿನ ದನಿ ಅವಳದ್ದು, ಮೇಷ್ಟ್ರಿಗೆ ಅವಳೆಂದರೆ ಒಂದು ಹಿಡಿ ಹೆಚ್ಚೇ ಅಕ್ಕರೆ. ಅವಳ ಹಾಡು ಕೇಳಲೆಂದೇ ಅವಳ ತಾತ ಕೋಲೂರಿಕೊಂಡು ಬಂದು ಪ್ರಾರ್ಥನಾ ಮಂದಿರದ ಕಿಟಕಿಯ ಕೆಳಗೆ ಕೂರುತ್ತಿದ್ದರು. ಮೇಷ್ಟ್ರು ಗೋಧಿಯ ಚೀಲ ಹೊತ್ತು ಗಿರಣಿಗೆ ಹೋದಾಗ ಗಿರಣಿಯವನು ಆಗಷ್ಟೇ ಮಿಷನ್ನು ನಿಲ್ಲಿಸಿದ್ದ. ತಲೆಯೊಳಗೆ ಸದಾ ಗುಂಯ್ಗುಡುತ್ತಿದ್ದ ಸದ್ದಿನಲ್ಲಿ ಅದು ನಿಂತದ್ದು ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಹುಬ್ಬು ರೆಪ್ಪೆಗೆಲ್ಲ ಹಿಟ್ಟು ಮೆತ್ತಿದ್ದ ಅವನ ಮುಖದಲ್ಲಿ ಏನು ಕಾಣಬೇಕು?

"ಅಪ್ಪ ಹೋಗ್ಬಿಟ್ರು ಮೇಷ್ಟ್ರೇ, ಈಗಷ್ಟೇ ಮಗಳು ಬಂದು ಹೇಳಿದ್ಲು. ಗಿರಣಿ ಮುಚ್ಚಿ ಹೊರಟಿದ್ದೀನಿ."

ಮೇಷ್ಟ್ರು ನಕ್ಕು, ಗಿರಣಿಯ ಸದ್ದನ್ನು ಮೀರಿಸಬೇಕೆಂದು ಗಂಟಲೆತ್ತಿ ಕೂಗಿದರು: "ಸಂತೋಷ! ಬಹಳ ಸಂತೋಷ!"

ಚೀಲಗಳ ಹಿಂದೆ ಹುಡುಗಿ ನಿಂತಿದ್ದಳು. ಅವಳ ಮುಖ ಕಂಡಮೇಲೆಯೇ ಏನೋ ಎಡವಟ್ಟಾಗಿದೆ ಎಂದು ಮೇಷ್ಟ್ರಿಗೆ ತಿಳಿದದ್ದು. ಏನೆಂದು ಮಾತ್ರ ತಿಳಿಯಲಿಲ್ಲ. ಮನೆಗೆ ಬಂದು ಹೆಂಡತಿಯಿಂದ ಸಾವಿನ ಸುದ್ದಿ ಗೊತ್ತಾದಾಗ ನಿಂತ ಕಾಲಲ್ಲಿ ಓಡಿದರು. ಗಿರಣಿಯವನು ಬಾಗಿಲಲ್ಲೇ ತಡೆದು ಏನೋ ಅಂದು ಕದ ಹಾಕಿಕೊಂಡ. ಕಿವುಡು ಎಂದು ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಮನುಷ್ಯತ್ವವೇ ಇಲ್ಲದವನಾಗುತ್ತೇನೆ. ನುಂಗುವಂತಿಲ್ಲ, ಉಗುಳುವಂತಿಲ್ಲ. ಮೇಷ್ಟ್ರು ನುಂಗಿದರು.

ಹುಡುಗಿ ಸುಮ್ಮನಿರಲಿಲ್ಲ. ಮೇಷ್ಟ್ರ ಎದೆ ಕಲ್ಲೋ ಕಿವಿ ಕಲ್ಲೋ ಎಂಬುದು ಅವಳಿಗೆ ತಿಳಿಯಬೇಕಾಗಿತ್ತು.

ಅಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂತು. ಬಿಷಪ್ಪರು ಬರುವವರಿದ್ದರು. ದೊಡ್ಡ ಫಾದರ್ ಕಾಲದಿಂದ ಬಂದ ಒಂದು ಸ್ತೋತ್ರವನ್ನು ವಾದ್ಯವಿಲ್ಲದೆ, ಬರೀ ಬಾಯಲ್ಲಿ, ನಾಲ್ಕು ದನಿಯಲ್ಲಿ ಹಾಡಬೇಕೆಂದು ತೀರ್ಮಾನವಾಯಿತು. ಕೊನೆಯ ಅಭ್ಯಾಸದ ದಿನ ಹೆಂಡತಿ ಜ್ವರ ಬಂದು ಮಲಗಿದ್ದಳು. "ಇವತ್ತೊಂದಿನ ಬೇಡ ಅನ್ನಿ" ಎಂದು ಕೈಸನ್ನೆ ಮಾಡಿ ಹೇಳಿದಳು. ಅವರು ಅವಳಿಗೆ ಹೊದಿಕೆ ಹೊದಿಸಿ ಹೊರಟರು.

ಹಾರ್ಮೋನಿಯಮ್ಮಿನ ಒಂದು ಕೀ ಒತ್ತಿ ಶ್ರುತಿ ಕೊಟ್ಟರು. ಮಕ್ಕಳ ಮುಂದೆ ಬಂದು ನಿಂತು ಕೈ ಎತ್ತಿದರು. ಎಲ್ಲ ಬಾಯಿಗಳೂ ಒಟ್ಟಿಗೆ ತೆರೆದುಕೊಂಡವು.

ಅವರಿಗೆ ಕೇಳಿಸುತ್ತಿದ್ದುದು ಎಂದಿನ ಗುಂಯ್ಗುಡುವಿಕೆ ಮಾತ್ರ. ಆದರೆ ಕಣ್ಣಿಗೆ ಎಲ್ಲ ಸರಿಯಾಗಿತ್ತು. ಇಷ್ಟು ಗಮನವಿಟ್ಟು ಮಕ್ಕಳು ತಮ್ಮ ಕೈಯನ್ನು ಎಂದೂ ನೋಡಿರಲಿಲ್ಲ ಅನ್ನಿಸಿತು. ಒಬ್ಬರೂ ಆಕಳಿಸುತ್ತಿಲ್ಲ, ಒಬ್ಬರೂ ಪಕ್ಕದವನನ್ನು ತಿವಿಯುತ್ತಿಲ್ಲ. ಮೇಷ್ಟ್ರಿಗೆ ಹುರುಪು ಬಂತು. ಎಡಗೈಯಿಂದ ದಪ್ಪ ದನಿಯವರನ್ನು ತಗ್ಗಿಸಿದರು, ಬಲಗೈಯಿಂದ ಮೇಲಿನವರನ್ನು ತೇಲಿಸಿದರು. ಎರಡನೆಯ ಚರಣದಲ್ಲಿ ಗಿರಣಿಯವನ ಮಗಳ ಕೆನ್ನೆಯ ಮೇಲೆ ನೀರಿಳಿಯುವುದು ಕಂಡಿತು. ತಾತನ ನೆನಪಾಗಿರಬೇಕು ಪಾಪ, ಅಂದುಕೊಂಡರು. ಕೊನೆಯ ಸಾಲನ್ನು ಅವಳಿಗೋಸ್ಕರವೇ ಎಂಬಂತೆ ನಿಧಾನಿಸಿ, ಹೂವು ಇಳಿಸಿದ ಹಾಗೆ ಕೈ ಇಳಿಸಿದರು. ಬಾಯಿಗಳು ಮುಚ್ಚಿಕೊಂಡವು.

"ಹಾಡೋದು ಅಂದ್ರೆ ಇದು!" ಅಂದರು ಮೇಷ್ಟ್ರು. ಅವರ ಕಣ್ಣೂ ಒದ್ದೆಯಾಗಿತ್ತು. "ಇಷ್ಟು ವರ್ಷದಲ್ಲಿ ಯಾರೂ ಹೀಗೆ ಹಾಡಿರ್ಲಿಲ್ಲ ಕಣ್ರೋ."

ಯಾರೂ ಅಲುಗಲಿಲ್ಲ. ಹಿಂದಿನ ಸಾಲಿನ ದೊಡ್ಡ ಹುಡುಗರು ನೆಲ ನೋಡುತ್ತಿದ್ದರು. ಮಕ್ಕಳ ದೃಷ್ಟಿ ತಮ್ಮ ಹೆಗಲಾಚೆ ಹೋದದ್ದನ್ನು ಕಂಡು ಮೇಷ್ಟ್ರು ತಿರುಗಿದರು. ಬಾಗಿಲಲ್ಲಿ ಹೆಡ್‌ಮಿಸ್ ಮತ್ತು ಈಗಿನ ಫಾದರ್ ನಿಂತಿದ್ದರು. ಫಾದರ್ ಕೈ ಬಾಯಿಯ ಮೇಲಿತ್ತು.

ಹೆಡ್‌ಮಿಸ್ ಹತ್ತಿರ ಬಂದು ಏನೋ ಕೇಳಿದರು.

"ಹೌದಾ, ಹೌದಾ" ಅಂದರು ಮೇಷ್ಟ್ರು.

ಆಕೆ ಮತ್ತೊಮ್ಮೆ ಕೇಳಿದರು.

"ಒಳ್ಳೇದು ಮಿಸ್, ಸಂತೋಷ."

ಹೆಡ್‌ಮಿಸ್ ಸುತ್ತ ನೋಡಿ, ಸ್ವರ ಬರೆಯುವ ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಬರೆದರು: ಮಕ್ಕಳು ಹಾಡಲೇ ಇಲ್ಲ.

ಮೇಷ್ಟ್ರು ಅದನ್ನು ಓದಿದರು. ಮತ್ತೆ ಓದಿದರು. ಹಾರ್ಮೋನಿಯಮ್ಮಿನ ಮುಚ್ಚಳ ಹಾಕಿ, ಜೇಬಿನಿಂದ ಕರ್ಚೀಫು ತೆಗೆದು ಅದರ ಮೇಲಿನ ಧೂಳು ಒರೆಸಿ, ಯಾರ ಮುಖವನ್ನೂ ನೋಡದೆ ಮನೆಗೆ ಹೋದರು.

ಆ ಸಂಜೆ ಹುಡುಗಿ ಒಬ್ಬಳೇ ಅವರ ಮನೆಗೆ ಬಂದಳು. ಮಾಡಿಸಿದ್ದು ತಾನೇ, ಮೊದಲ ಸಾಲು ಮಾತ್ರ ಬಾಯಾಡಿಸಿ ನೋಡೋಣ, ಆಮೇಲೆ ಹಾಡೋಣ ಅಂತ ಮಾತಾಗಿತ್ತು ಎಂದು ಮೇಷ್ಟ್ರ ಹೆಂಡತಿಯ ಮುಂದೆ ಬಿಕ್ಕಿದಳು. "ಆದ್ರೆ ಮೇಷ್ಟ್ರು ನಿಲ್ಲಿಸ್ಲೇ ಇಲ್ಲ ಆಂಟಿ. ಅವರ ಮುಖ ನೋಡಿ ನಮಗೆ ಎಲ್ಲಿಂದ ಶುರು ಮಾಡ್ಬೇಕೋ ಗೊತ್ತಾಗ್ಲಿಲ್ಲ. ದನೀನೇ ಬರ್ಲಿಲ್ಲ."

ಹೆಂಡತಿ ಜ್ವರದಲ್ಲೇ ಎದ್ದು ಕೂತು ಅದನ್ನೆಲ್ಲ ಗಂಡನಿಗೆ ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದಳು. ಮೇಷ್ಟ್ರು ಹುಡುಗಿಯ ಕಡೆ ತಿರುಗಿದರು.

"ನಾನು ಕೈ ಎತ್ತಿದ್ರೆ ಹಾಡ್ಬೇಕು ಅಂತ ಹೇಳಿದ್ನಲ್ಲಮ್ಮ" ಅಂದರು. ಅಷ್ಟೇ ಅಂದರು. ಬೈದಿದ್ದರೆ ಹುಡುಗಿ ತಡೆದುಕೊಳ್ಳುತ್ತಿದ್ದಳೇನೋ.

ಫಾದರ್ ಒಳ್ಳೆಯವರೇ. ಈ ವರ್ಷ ಮುಗಿಯುವ ತನಕ ಶಾಲೆಯ ಮನೆಯಲ್ಲೇ ಇರಿ, ಪುಸ್ತಕದ ಕೋಣೆ ನೋಡಿಕೊಳ್ಳಿ ಅಂದರು. ಆದರೆ ಶಾಲೆಯಲ್ಲಿ ಹಾಡಿನ ಪಿರಿಯಡ್ಡಿನ ಜಾಗಕ್ಕೆ ಕಂಪ್ಯೂಟರ್ ಬಂತು. ವಾರ್ಷಿಕೋತ್ಸವದ ದಿನ ಬಿಷಪ್ಪರ ಮುಂದೆ ಸ್ಪೀಕರಿನ ಪೆಟ್ಟಿಗೆಯಿಂದ ಹಾಡು ಬಂತು, ಮಕ್ಕಳು ಅದಕ್ಕೆ ಬಾಯಾಡಿಸಿದರು. ಯಾರಿಗೂ ವ್ಯತ್ಯಾಸ ಕಾಣಲಿಲ್ಲವಂತೆ. ಮೇಷ್ಟ್ರು ಹೋಗಿರಲಿಲ್ಲ. ಗಿರಣಿಯವನು ಮಗಳನ್ನು ಬೇರೆ ಶಾಲೆಗೆ ಹಾಕಿದ. ಅಲ್ಲಿ ಅವಳು ಹಾಡುವುದಿಲ್ಲ ಎಂದು ಕೇಳಿದ್ದು.

ವರ್ಷ ಮುಗಿದ ಮೇಲೆ ಮೇಷ್ಟ್ರು ಹೆಂಡತಿಯನ್ನು ಕರೆದುಕೊಂಡು ಅವಳ ತಮ್ಮನ ಊರಿಗೆ ಹೋದರು. ಅವನದ್ದು ಮರ ಕೊಯ್ಯುವ ಮಿಲ್ಲು. ಗರಗಸದ ಪಕ್ಕದಲ್ಲಿ ನಿಂತು ಹಲಗೆ ಎಳೆದುಕೊಳ್ಳುವ ಕೆಲಸಕ್ಕೆ ಯಾರೂ ನಿಲ್ಲುತ್ತಿರಲಿಲ್ಲ, ಆ ಸದ್ದಿಗೆ ತಲೆ ಸಿಡಿಯುತ್ತದೆ ಎಂದು ಬಿಟ್ಟು ಹೋಗುತ್ತಿದ್ದರು. "ಭಾವಂಗೆ ಹೇಳಿ ಮಾಡಿಸಿದ ಕೆಲಸ" ಅಂದ ತಮ್ಮ. ಕೆಟ್ಟ ಮನಸ್ಸಿನಿಂದೇನೂ ಅಂದದ್ದಲ್ಲ.

ಮೇಷ್ಟ್ರು ಅಲ್ಲಿ ನಿಂತರು. ಹೊರಗಿನ ಸದ್ದು ಹೋದರೇನು, ಒಳಗಿನ ಹಾಡು ಎಲ್ಲಿ ಹೋಗುತ್ತದೆ ಎಂದು ಮೊದಮೊದಲು ಅಂದುಕೊಂಡಿದ್ದರು. ಹಲಗೆ ಎಳೆಯುತ್ತ ಒಂದೊಂದೇ ಸ್ತೋತ್ರವನ್ನು ಮನಸ್ಸಿನಲ್ಲೇ ಹಾಡಿಸುತ್ತಿದ್ದರು. ಆದರೆ ತಲೆಯೊಳಗಿನ ಗುಂಯ್ ಸದ್ದು ಗೆದ್ದಲಿನ ಹಾಗೆ ಅವನ್ನೂ ತಿಂದುಕೊಂಡು ಬಂತು. ಒಂದು ಮಧ್ಯಾಹ್ನ ಆ ದೊಡ್ಡ ಸ್ತೋತ್ರದ ಎರಡನೆಯ ದನಿ ಏನು ಮಾಡಿದರೂ ನೆನಪಿಗೆ ಬರಲಿಲ್ಲ. ಆ ವಾರ ಪೂರ್ತಿ ಹುಡುಕಿದರು. ಆಮೇಲೆ ಹುಡುಕುವುದನ್ನು ಬಿಟ್ಟರು.

ಭಾನುವಾರ ಹೆಂಡತಿ ಒಬ್ಬಳೇ ಚರ್ಚಿಗೆ ಹೋಗಿಬರುತ್ತಾಳೆ. ಒಮ್ಮೆ ಬಟ್ಟೆ ಒಣಹಾಕುತ್ತ ಅವಳ ತುಟಿ ಆಡುತ್ತಿದ್ದುದನ್ನು, ಎದೆ ಏರಿಳಿಯುತ್ತಿದ್ದುದನ್ನು ಮೇಷ್ಟ್ರು ಹಿತ್ತಿಲ ಬಾಗಿಲಿನಿಂದ ಕಂಡರು. ಹಾಡುತ್ತಿದ್ದಾಳೆಂದು ಗೊತ್ತಾಯಿತು. ಯಾವುದೆಂದು ಗೊತ್ತಾಗಲಿಲ್ಲ. ಅವಳು ತಿರುಗಿ ಅವರನ್ನು ನೋಡಿ ತಟ್ಟನೆ ನಿಲ್ಲಿಸಿದಳು.

"ಹಾಡೇ, ಹಾಡು. ನಿನಗಾದ್ರೂ ಕೇಳ್ಸತ್ತಲ್ಲ" ಅಂದರು.

ಅವಳು ಹಾಡಲಿಲ್ಲ. ಒದ್ದೆ ಅಂಗಿಯೊಂದನ್ನು ಕೊಡವಿ ಹಗ್ಗಕ್ಕೆ ಹಾಕಿದಳು.