ಒಣಕೋಣೆಯಲ್ಲಿ ಒಂಬತ್ತು ಬಾಯಿ

ಗ್ಯಾಸ್ ಆರಿಸಿದ್ದನ್ನು ಎರಡು ಸಲ ನೋಡದೆ ಮನೆ ಬಿಡುವವಳಲ್ಲ ತೊಮಿಯೆ. ಮಗಳನ್ನು ಶಿಶುವಿಹಾರಕ್ಕೆ ಬಿಟ್ಟಮೇಲೂ, ಮಗುವಿನ ಹಣೆ ಬೆಚ್ಚಗಿತ್ತೇನೋ ಎಂಬ ಚಿಂತೆ ಜಪಾನಿನ ಹೆಕಿನಾನ್ ಊರಿನ ಕಾರ್ಖಾನೆಯ ಗೇಟಿನವರೆಗೂ ಅವಳ ಬೆನ್ನು ಹತ್ತುತ್ತಿತ್ತು. ಒಳಗೆ ಕಾಲಿಟ್ಟಮೇಲೆ ಮಾತ್ರ ಒಂದೇ ಚಿಂತೆ: ತೇವ.

ಅಲ್ಲಿ ತಯಾರಾಗುತ್ತಿದ್ದದ್ದು ಎಲೆಕ್ಟ್ರಿಕ್ ಬಸ್ಸಿನ ಹೊಸ ಬಗೆಯ ಬ್ಯಾಟರಿ. ಬೇಗ ಹೊತ್ತಿಕೊಳ್ಳುವ ದ್ರವದ ಬದಲು ಇದರ ಹೊಟ್ಟೆಯಲ್ಲಿ ಅದುಮಿದ ಪುಡಿ. ಬೇಗ ಚಾರ್ಜ್ ಆದೀತು, ಹೆಚ್ಚು ದೂರ ಓಡಿಸೀತು, ಬೆಂಕಿಯ ಭಯ ಕಡಿಮೆ. ಆದರೆ ಆ ಪುಡಿಗೆ ತೇವ ತಾಗಿತೋ, ಕೊಳೆತ ಮೊಟ್ಟೆಯ ವಾಸನೆ ಬಿಟ್ಟು ಕೆಟ್ಟೇಹೋಗುತ್ತದೆ. ಅದಕ್ಕೇ ಒಣಕೋಣೆ, ಅದಕ್ಕೇ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು.

ಎರಡು ತಿಂಗಳಿಂದ ಬೆಳಗ್ಗೆ ಮಾಡಿದ ಸೆಲ್ಲುಗಳಲ್ಲಿ ನೂರಕ್ಕೆ ಅರವತ್ತೂ ಪರೀಕ್ಷೆ ದಾಟುತ್ತಿರಲಿಲ್ಲ. ಮಧ್ಯಾಹ್ನದವು ಚೆನ್ನಾಗಿಯೇ ಇದ್ದವು. ತಿಂಗಳ ಕೊನೆಗೆ ತೊಂಬತ್ತು ಮುಟ್ಟದಿದ್ದರೆ ತಯಾರಿಕೆಯ ಲೈನನ್ನೇ ಮುಚ್ಚುವುದಾಗಿ ಮೇಲಿನವರು ಹೇಳಿಯಾಗಿತ್ತು. ಎಂಜಿನಿಯರುಗಳು ಪುಡಿ ಬದಲಿಸಿದರು, ಒತ್ತುಯಂತ್ರ ಬಿಚ್ಚಿ ಜೋಡಿಸಿದರು. ಉಪಯೋಗವಾಗಲಿಲ್ಲ.

ತೊಮಿಯೆ ಇದಕ್ಕೆ ಮೊದಲು ಏಳು ವರ್ಷ ಗರಿಗರಿ ಅಕ್ಕಿಬಿಲ್ಲೆ ಸುಡುವ ಕಡೆ ದುಡಿದವಳು. ಡಬ್ಬ ತೆರೆದಿಟ್ಟು ಹರಟುತ್ತ ಕೂತರೆ ಏನಾಗುತ್ತದೆಂದು ಅವಳಿಗೆ ಗೊತ್ತು. ಎರಡು ತಿಂಗಳ ಹಿಂದೆ ಬದಲಾದದ್ದೇನು ಎಂದು ಕೆದಕುತ್ತ ಹೋದರೆ ಸಿಕ್ಕಿದ್ದು ಒಂದೇ: ಬೆಳಗಿನ ಸಭೆ. ಹೊಸ ಮುಖ್ಯಸ್ಥ ಹಯಾಮಿ, ಎಲ್ಲರ ಬಾಯಲ್ಲಿ ‘ಕಾಚೋ’, ಹತ್ತು ನಿಮಿಷ ಉಳಿಸಲೆಂದು ಅದನ್ನು ಒಣಕೋಣೆಯೊಳಕ್ಕೇ ತಂದಿದ್ದರು. ಪುಡಿಯ ತಟ್ಟೆಗಳನ್ನು ತೆರೆದು ಸಜ್ಜಾಗಿಟ್ಟು, ಒಂಬತ್ತು ಜನ ಗೋಡೆಯ ಫಲಕಕ್ಕೆ ಮುಖಮಾಡಿ, ಗಂಟಲು ಬಿರಿಯುವಂತೆ ಅದರಲ್ಲಿದ್ದ ಕಂಪನಿಯ ಪ್ರತಿಜ್ಞೆ ಕೂಗುತ್ತಿದ್ದರು.

“ಕಾಚೋ, ಸಭೇನ ಮತ್ತೆ ಹೊರಗೆ ಮಾಡೋಣ್ವಾ? ನಮ್ಮ ಉಸಿರಲ್ಲೇ ತೇವ ಇರುತ್ತಲ್ವಾ.”

“ಇಸೊಗಾಯ್ ಸಾನ್,” ಎಂದು ಅವಳ ಮನೆತನದ ಹೆಸರು ಹಿಡಿದು ಹಯಾಮಿ ನಕ್ಕರು. “ಸಭೆಗೆ ಮುಂಚೆ ತೇವದ ಮಾಪಕ ನೋಡ್ತೀವಿ, ಸಭೆ ಮುಗಿದು ಕಾಲುಗಂಟೆಗೆ ಮತ್ತೆ ನೋಡ್ತೀವಿ. ಎರಡೂ ಸಲ ಸರಿಯಾಗೇ ಇರುತ್ತೆ. ಇದು ಅಕ್ಕಿಬಿಲ್ಲೆ ಅಲ್ಲ.”

ಪಕ್ಕದ ಯಂತ್ರದ ಮಿಯೊಕೊ ಊಟದ ಹೊತ್ತಿಗೆ ಬಂದು ಕೂತಳು. “ಏನೇ, ಕಾಚೋಗೆ ಬಾಯಿ ಮುಚ್ಕೊಳ್ಳಿ ಅಂದ್ಯಂತೆ?”

“ಹಾಗನ್ಲಿಲ್ಲ ಕಣೇ. ಹೊರಗೆ ಹೋಗಿ ಬಾಯಿ ಬಿಡಿ ಅಂದೆ.”

“ಸುಮ್ನಿರು ಮಾರಾಯ್ತಿ. ಕೆಲಸ ಖಾಯಂ ಆಗದೆ ಇರೋರು ನಾವು.”

“ಲೈನೇ ಮುಚ್ಚಿದ್ರೆ ಖಾಯಂ ಆದೋರೇನು ಉಳೀತಾರಾ?”

ಮರುದಿನ ಪ್ರತಿಜ್ಞೆ ಶುರುವಾಯಿತು. ತೊಮಿಯೆ ಫಲಕಕ್ಕೆ ಬೆನ್ನು ಹಾಕಿ ಮಾಪಕದ ಕಡೆ ತಿರುಗಿದಳು. ಅಂಥ ಅಗೌರವವನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಆದರೂ ತಿರುಗಿಯೇ ನಿಂತಳು. ತೇವ ಕಡಿಮೆಯಾದಷ್ಟೂ ಇಳಿಯುವ ಅಂಕಿ ಮೈನಸ್ ಐವತ್ತಕ್ಕಿಂತ ಕೆಳಗಿರಬೇಕಿತ್ತು; ಪ್ರತಿಜ್ಞೆಯ ಎರಡನೆಯ ಸಾಲಿಗೆ ಅದು ಮೈನಸ್ ನಲವತ್ತೆರಡಕ್ಕೆ ಏರಿತು, ಮೂರನೆಯದಕ್ಕೆ ಮೂವತ್ತೆಂಟಕ್ಕೆ. ಗೆರೆ ದಾಟಿದ್ದನ್ನು ಕಂಡವರು ಯಾರೇ ಆಗಲಿ, ಬೆರಳು ತೋರಿಸಿ ಕೂಗಿ ಕೆಲಸ ನಿಲ್ಲಿಸಬೇಕು. ಕೇಳಿದ ಮೇಲಧಿಕಾರಿಯೂ ತಾನೇ ಬೆರಳು ತೋರಿಸಿ ಮರುನುಡಿಯಬೇಕು. ಅದು ಕಾರ್ಖಾನೆಯ ನಿಯಮ. ಅವಳು ತೋಳು ನೆಟ್ಟಗೆ ಚಾಚಿದಳು.

“ಮೈನಸ್ ಮೂವತ್ತೆಂಟು! ಗೆರೆ ದಾಟಿದೆ! ನಿಲ್ಲಿಸಿ!”

ಕೂಗು ನಡುವೆಯೇ ನಿಂತಿತು. ಹಯಾಮಿ ಮಾಪಕದ ಮುಂದೆ ಬಂದರು. ಮುಖ ಕೆಂಪಾಗಿತ್ತು. ಬಗ್ಗಿ ಅಂಕಿಯನ್ನು ಎರಡು ಸಲ ಓದಿದರು. ಕೊನೆಗೆ ಬೆರಳು ಎತ್ತಿದರು.

“ಮೈನಸ್ ಮೂವತ್ತೆಂಟು. ದಾಟಿದೆ.” ಆಮೇಲೆ ಮೆಲ್ಲಗೆ, “ತಟ್ಟೆ ಮುಚ್ಚಿ. ಎಲ್ಲರೂ ಹೊರಗೆ ನಡೀರಿ.”

ಅಂದಿನಿಂದ ಪ್ರತಿಜ್ಞೆ ಚಪ್ಪಲಿ ಬಿಡುವ ಜಾಗದಲ್ಲಿ. ತಿಂಗಳ ಕೊನೆಗೆ ಬೆಳಗಿನ ಸೆಲ್ಲುಗಳಲ್ಲಿ ನೂರಕ್ಕೆ ತೊಂಬತ್ತಮೂರು ಪರೀಕ್ಷೆ ದಾಟಿದವು. ಲೈನ್ ಉಳಿಯಿತು.

ಅದರ ಮರುವಾರವೇ ಹಯಾಮಿ ಬಂದು ಹೇಳಿದರು: “ನಾನೂರು ಸಲ ಚಾರ್ಜ್ ಆದಮೇಲೆ ಸೆಲ್ಲಿನೊಳಗಿನ ಪದರಗಳು ಉಬ್ಬಿ ಕುಗ್ಗಿ ಬಿಟ್ಕೊಳ್ತಾ ಇವೆ. ಇದಕ್ಕೇನಂತೀರಿ, ಇಸೊಗಾಯ್ ಸಾನ್?”

“ನಂಗೂ ಗೊತ್ತಿಲ್ಲ ಕಾಚೋ. ಎಲ್ಲಕ್ಕಿಂತ ಮೊದ್ಲು ಬಿಟ್ಕೊಂಡಿತಲ್ಲ, ಆ ಸೆಲ್ ಕೊಡಿ. ಅಲ್ಲಿಂದ ನೋಡ್ಕೊಂಡು ಬರೋಣ,” ಎಂದು ಅವಳು ಕೈಗವಸು ಏರಿಸಿದಳು.