ಹಾಲಿಲ್ಲದ ಮಾಲಕಾಂಗಣಿ

ಪರೀಕ್ಷೆಗೆ ಇನ್ನೊಂದೇ ವಾರವಿದೆ ಎನ್ನುವಾಗ ನನ್ನ ಕಾಕಾನ ಮಗಳ ಕೈ ನಡುಗಲು ಶುರುವಾಯಿತು. ಬರೆಯಲು ಕೂತರೆ ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿಯುತ್ತಿದ್ದವು. ಹೊಟ್ಟೆಯಲ್ಲಿ ಉರಿ, ಕಣ್ಣಿಗೆ ನಿದ್ದೆಯಿಲ್ಲ. ಅವಳು ಮಾತ್ರ ಅದನ್ನು ಕಾಯಿಲೆ ಎನ್ನಲು ಸಿದ್ಧಳಿರಲಿಲ್ಲ.

"ತಲಿ ಜೋರ್ ಓಡ್ಲಿಕತ್ತದ ಅಕ್ಕಾ," ಎಂದಳು.

ಬೀದರಿನ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆಲ್ಲುತ್ತಿದ್ದ ನಾನು, ಹಾಸ್ಟೆಲಿನಲ್ಲಿ ನೀರು ನಿಂತುಹೋಗಿ ಭಾಲ್ಕಿಯ ಅತ್ತೆಯ ಮನೆಗೆ ಬಂದಿದ್ದೆ. ಅಪ್ಪನ ಅಕ್ಕ ಇವರು. ಕಾಕಾ, ಕಾಕಿಯದು ಔರಾದ ಕಡೆಯ ಡಾಬಕಾ ಎಂಬ ಹಳ್ಳಿ. ಮಳೆ ಕೈಕೊಟ್ಟ ಮೇಲೆ ಊರಿನ ಅರ್ಧ ಜನರೊಂದಿಗೆ ಅವರೂ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದರು. ಮಗಳನ್ನು ಅತ್ತೆಯ ಬಳಿ ಬಿಡುವಾಗ ಕಾಕಾ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಪಿಯುಸಿ ಪಾಸಾದರೆ ಬೀದರಿನಲ್ಲಿ ನರ್ಸಿಂಗ್, ಇಲ್ಲವಾದರೆ ತಮ್ಮ ಜೊತೆ ಪುಣೆ. ಅಲ್ಲಿ ಅವಳಿಗೆ ಕಾದಿದ್ದದ್ದು ಇಟ್ಟಿಗೆ ಹೊರುವ ಕೆಲಸ.

ಅವಳನ್ನು ಪಾಸು ಮಾಡಿಸಲು ಅತ್ತೆ ಹೂಡಿದ ಉಪಾಯ ಮಾಲಕಾಂಗಣಿ. ಬೀದರಿನ ಹಳೇ ಪೇಟೆಯಲ್ಲಿ ಬೇರು, ಬೀಜ, ಚೂರ್ಣ ಮಾರುವ ಅಂಗಡಿಯಿಂದ ತಂದ ಕೆಂಗಂದು ಬೀಜ. ಬುದ್ಧಿ ಚುರುಕಾಗುತ್ತದೆ, ಓದಿದ್ದು ತಲೆಯಲ್ಲಿ ನಿಲ್ಲುತ್ತದೆ ಎಂಬ ನಂಬಿಕೆ. ತಿನ್ನಲೂ ಒಂದು ಪದ್ಧತಿ. ಮೊದಲ ದಿನ ಒಂದು ಬೀಜ, ಮರುದಿನ ಎರಡು, ಹೀಗೆ ಏರಿಸುತ್ತ ಹೋಗಿ, ಮತ್ತೆ ಒಂದೊಂದೇ ಇಳಿಸುತ್ತ ಬರಬೇಕು. ನಡುವೆ ಬಿಟ್ಟರೆ ಓದಿದ್ದೆಲ್ಲ ಮರೆತುಹೋಗುತ್ತದಂತೆ. ಹಾಲು, ತುಪ್ಪದ ಜೊತೆಗೇ ನುಂಗಬೇಕಂತೆ. ಆದರೆ ಮೇವಿಲ್ಲದೆ ಮನೆಯ ಎಮ್ಮೆ ಗೋಶಾಲೆ ಸೇರಿತ್ತು. ಅತ್ತೆ ಹಾಲಿನ ನಿಯಮವೊಂದನ್ನು ಮಾತ್ರ ಸಡಿಲಿಸಿ, ಖಾಲಿ ಹೊಟ್ಟೆಗೆ ಕರಿ ಚಹಾದಲ್ಲಿ ಕೊಡುತ್ತಿದ್ದರು. ನಾನು ಬರುವ ಹೊತ್ತಿಗೆ ಬೀಜ ಚಮಚ ತುಂಬುತ್ತಿತ್ತು.

ನನಗೆ ತಡೆಯಲಾಗಲಿಲ್ಲ.

"ಇದ್ರಿಂದ ತಲಿ ಓಡ್ತದ ಅನ್ಲಿಕ್ಕ ಪುರಾವಿ ಏನದರಿ ಅತ್ತಿ?"

"ಪುರಾವಿ ನಿಮ್ಮಪ್ಪ. ಮ್ಯಾಟ್ರಿಕ್‌ದಾಗ ಇದೇ ತಿಂದು ಪಾಸಾದ."

"ಅಪ್ಪ ಓದಿದ್ದೂ ಖರೇನೇ ಅಲ್ಲರಿ?"

"ಓದಿದವ್ರು ಊರ ತುಂಬ ಇದ್ರು. ಪಾಸಾದಾವ ಅವ ಒಬ್ಬನೇ."

"ತಿಂದು ಫೇಲಾದವ್ರನ್ನ ಕೇಳೀರೇನು?"

"ಫೇಲಾದವ್ರು ಯಾಕ ಬಂದು ಹೇಳ್ತಾರ? ಅವ್ರಿಗೇನು ನಾಚ್ಕಿ ಇಲ್ಲೇನು?"

"ನಾನೂ ಅದನ್ನೇ ಹೇಳ್ಲಿಕತ್ತೇನಿ!"

"ಹೇಳಿದ್ರ ಹೇಳಿಕೋ. ಸ್ಟೇಜಿನ ಮ್ಯಾಲ ಒದರಿ ಕಪ್ಪು ತಂದಾಕಿ ನೀ. ಇಲ್ಲಿ ಕಪ್ಪು ಇಲ್ಲ."

ದವಾಖಾನೆಗೆ ಹೋಗೋಣವೆಂದೆ. ಪರೀಕ್ಷೆ ಮುಗಿಯಲಿ ಎಂದರು. ಹಾಲಿಲ್ಲದೆ ಕೊಟ್ಟರೆ ನಿಮ್ಮ ಪದ್ಧತಿಯೇ ಮುರಿಯಿತಲ್ಲ ಎಂದೆ. ಅತ್ತೆ ಕೊಡ ಎತ್ತಿಕೊಂಡು ಟ್ಯಾಂಕರಿನ ಸಾಲಿಗೆ ನಡೆದರು. ವಾದದಲ್ಲಿ ಗೆದ್ದೆನೆಂದುಕೊಂಡು ತಿರುಗಿದರೆ ಹುಡುಗಿ ನನ್ನನ್ನೇ ದಿಟ್ಟಿಸುತ್ತಿದ್ದಳು.

"ಸ್ಪರ್ಧೆದಾಗ ಚೀಟಿ ಎತ್ತಿ ಕೊಟ್ರ ನೀ ಮಾಲಕಾಂಗಣಿ ಪರವಾಗಿನೂ ಹಿಂಗೇ ಮಾತಾಡ್ತಿದ್ದಿ. ಬಿಟ್ಟು ಮರೆತುಹೋದ್ರ ಪುಣೆಕ್ಕ ಹೋಗಾಕಿ ನಾನು, ನೀನಲ್ಲ."

ಅವಳು ಬೀಜದ ಗುಣವನ್ನು ನಂಬಿದ್ದಳೋ ಇಲ್ಲವೋ, ಬಿಡುವುದಕ್ಕಂತೂ ಹೆದರಿದ್ದಳು. ಹೆದರಿಕೆಯೊಂದಿಗೆ ವಾದ ಮಾಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕೊನೆಗೆ ಅತ್ತೆಯ ಎದುರಿಗೇ ಒಂದು ಕರಾರು ಹಾಕಿದೆ.

"ನಾಳಿ ಒಂದಿನ ಬಿಡು. ಸಂಜಿಗೆ ನಾ ಪ್ರಶ್ನಿ ಕೇಳ್ತೇನಿ. ಇವತ್ತಿನ ತನಕ ಬರ್ತಿದ್ದದ್ದು ಹೋಗಿದ್ರ, ನಾನೇ ಬೀದರಕ್ಕ ಹೋಗಿ ಬೀಜ ತಂದು ಕೊಡ್ತೇನಿ."

"ಮಾತಿಗೆ ತಪ್ಪಬಾರ್ದು ಮತ್ತ," ಎಂದರು ಅತ್ತೆ.

ಮರುದಿನ ಬೀಜದ ಬದಲು ಜೋಳದ ಅಂಬಲಿ ಕುಡಿದಳು. ಮಧ್ಯಾಹ್ನ ಗೋಡೆಗೆ ಒರಗಿ ಸ್ವಲ್ಪ ನಿದ್ದೆ ಮಾಡಿದಳು. ನನ್ನ ನಿದ್ದೆ ಹಾರಿತ್ತು. ಭಯಕ್ಕೇ ಮರೆತುಬಿಟ್ಟರೆ? ಆಮೇಲೆ ಆ ಚಮಚವನ್ನು ಯಾರೂ ಕಸಿಯಲಾರರು.

ಸಂಜೆ ಅತ್ತೆ ಮಣೆ ಹಾಕಿಕೊಂಡು ನ್ಯಾಯಾಧೀಶರಂತೆ ಕೂತರು. ಜೀವಶಾಸ್ತ್ರದ ಪುಸ್ತಕ ತೆರೆದೆ. ಹೃದಯದೊಳಗೆ ರಕ್ತ ಹರಿಯುವ ದಾರಿ ಕೇಳಿದೆ, ಹೇಳಿದಳು. ಎಲೆ ಆಹಾರ ಮಾಡುವ ಬಗೆ, ತಡವರಿಸಿ ಹೇಳಿದಳು. ಮೂತ್ರಪಿಂಡ ರಕ್ತ ಸೋಸುವ ಬಗೆ ಕೇಳಿದೆ. ಬಾಯಿ ತೆರೆದಳು, ಮುಚ್ಚಿದಳು. ಚಾವಣಿ ನೋಡಿದಳು.

"ಹೋತು!" ಅತ್ತೆ ತೊಡೆ ತಟ್ಟಿಕೊಂಡರು. "ಹೇಳಿದ್ನಿಲ್ಲ? ಒಂದೇ ದಿನಕ್ಕ ಹೋತು!"

ಕರಾರು ನನ್ನದೇ. ಅತ್ತೆ ಆಗಲೇ ಬೀಜದ ಡಬ್ಬಿಗೆ ಕೈ ಚಾಚಿದ್ದರು.

"ತಡೀರಿ ಅತ್ತಿ," ಎಂದಳು ಹುಡುಗಿ. "ಅದು ನಿನ್ನೆನೂ ಬರ್ತಿದ್ದಿಲ್ಲ."

"ಏನಂದಿ?"

"ಮೊದ್ಲಿಂದನೂ ಬರಂಗಿಲ್ಲ ರಿ. ಚಮಚ ಗಟ್ಲೆ ತಿಂದಾಗೂ ಬರ್ಲಿಲ್ಲ. ಆ ಪಾಠ ನಾ ಓದೇ ಇಲ್ಲ."

ಅತ್ತೆ ಡಬ್ಬಿ ಹಿಡಿದುಕೊಂಡೇ ಅವಳತ್ತ ತಿರುಗಿದರು. "ನಾಳಿ ಎಲ್ಲ್ಯಾರ ಹಾಲು ಸಿಕ್ರ ತಿಂತಿಯೋ ಇಲ್ಲೋ?"

"ಹಾಲು ಸಿಕ್ರ ಹಾಲೇ ಕುಡಿತೇನಿ ರಿ."

ಆ ಸಂಜೆ ಅವಳು ಮೂತ್ರಪಿಂಡದ ಪಾಠ ತೆಗೆದಳು. ಪರೀಕ್ಷೆಯ ಹೊತ್ತಿಗೆ ಅಕ್ಷರಗಳು ಗೆರೆಯ ಮೇಲೆ ಕೂರತೊಡಗಿದವು.

ಫಲಿತಾಂಶದ ದಿನ ಕಾಕಾ, ಕಾಕಿ ಭಾಲ್ಕಿಗೆ ಬಂದು ಕೂತಿದ್ದರು. ಮಳೆ ಇನ್ನೂ ಬಿದ್ದಿರಲಿಲ್ಲ. ಮರುದಿನ ಮತ್ತೆ ಪುಣೆ ಬಸ್ಸು ಹತ್ತಬೇಕು. ಗಂಟು ಆಗಲೇ ಕಟ್ಟಿಯಾಗಿತ್ತು. ಹುಡುಗಿ ಪಾಸಾಗಿದ್ದಳು. ಹೇಳಿಕೊಳ್ಳುವಂಥ ಅಂಕಗಳಲ್ಲ, ಆದರೆ ಪಾಸು. ಕಾಕಾ ನಂಬದೆ ನನ್ನಿಂದ ಇನ್ನೊಮ್ಮೆ ಓದಿಸಿ ಕೇಳಿದರು.

"ಅರ್ಧಕ್ಕ ಬಿಟ್ರೂ ಎಷ್ಟ್ ಕೆಲಸ ಮಾಡ್ತು ನೋಡು ಮಾಲಕಾಂಗಣಿ," ಎಂದರು ಅತ್ತೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ನನ್ನ ಕಾಲು ತುಳಿದಳು.

ಕಾಕಿ ಗಂಟು ಬಿಚ್ಚಿ, ಮಗಳ ಎರಡು ಜೊತೆ ಬಟ್ಟೆ ತೆಗೆದು ಅತ್ತೆಯ ಹೊರಸಿನ ಮೇಲಿಟ್ಟು, ಉಳಿದದ್ದನ್ನು ಮತ್ತೆ ಕಟ್ಟತೊಡಗಿದರು.